ತ್ರಿಯೇಕ ದೇವರನ್ನು ಪ್ರಾರ್ಥನೆಯ ದಾರಿಯಿಂದ ಅರಿಯುವುದು: ಮನೆಗೂ ಸಭೆಗೂ ಒಂದು ಮಾರ್ಗದರ್ಶಿ

ಹುಬ್ಬಳ್ಳಿಯ ಕಥೋಲಿಕ ಮನೆಯ ಮಗು ಹಣೆ, ಎದೆ, ಭುಜಗಳನ್ನು ಮುಟ್ಟಿಕೊಳ್ಳುತ್ತ ಪಿತ, ಸುತ, ಪವಿತ್ರಾತ್ಮರ ನಾಮವನ್ನು ಹೇಳುವುದನ್ನು ಅಕ್ಷರ ಕಲಿಯುವ ಮೊದಲೇ ಕಲಿಯುತ್ತದೆ. ಧಾರವಾಡದ ಅಥವಾ ಗದಗ-ಬೆಟಗೇರಿಯ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ ಎಂಬ ಪ್ರೊಟೆಸ್ಟೆಂಟ್ ಸಭೆ) ಮನೆಯ ಮಗು, ಆರಾಧನೆಯ ಕೊನೆಯಲ್ಲಿ ಸಭಾಪಾಲಕರು ಕೈಯೆತ್ತಿ “ಕರ್ತನಾದ ಯೇಸು ಕ್ರಿಸ್ತನ ಕೃಪೆಯೂ ದೇವರ ಪ್ರೀತಿಯೂ ಪವಿತ್ರಾತ್ಮನ ಅನ್ಯೋನ್ಯತೆಯೂ” ಎಂದು ಆಶೀರ್ವದಿಸುವುದನ್ನು ಕೇಳುತ್ತ ಬೆಳೆಯುತ್ತದೆ. ಹೀಗೆ ಬಾಯಿಪಾಠವಾಗಿ ಬಂದ ಮಾತು ದೊಡ್ಡವರಾದ ಮೇಲೂ ಬಾಯಿಪಾಠವಾಗಿಯೇ ಉಳಿದುಬಿಡುವುದುಂಟು. ಓಣಿಯ ಹಿರಿಯರೊಬ್ಬರು ಒಳ್ಳೆಯ ಮನಸ್ಸಿನಿಂದ “ನಿಮ್ಮಾಗೂ ಮೂರು ದೇವರು ಅದಾರೇನ್ರಿ?” ಎಂದು ಕೇಳಿದರೆ ನಾವು ತಡವರಿಸುತ್ತೇವೆ, ಇಲ್ಲವೇ ಅದೊಂದು ರಹಸ್ಯ, ಅದು ಯಾರಿಗೂ ತಿಳಿಯುವುದಿಲ್ಲ ಎಂದು ಹೇಳಿ ಮಾತು ಮುಗಿಸುತ್ತೇವೆ.

ಇದಕ್ಕೆ ಮುಖ್ಯ ಕಾರಣ, ತ್ರಿಯೇಕತ್ವವನ್ನು, ಅಂದರೆ ತಂದೆ, ಮಗ, ಪವಿತ್ರಾತ್ಮ ಈ ಮೂವರೂ ಒಬ್ಬನೇ ದೇವರು ಎಂಬ ನಂಬಿಕೆಯನ್ನು, ಒಂದು ಮತ್ತು ಮೂರರ ಲೆಕ್ಕವಾಗಿ ಕಲಿಸುವ ರೂಢಿ ಎಂಬುದು ನನ್ನ ಅಭಿಪ್ರಾಯ. ಆದಿ ಸಭೆ ಈ ನಂಬಿಕೆಗೆ ಬಂದದ್ದು ಲೆಕ್ಕದಿಂದಲ್ಲ. ಒಬ್ಬನೇ ದೇವರನ್ನು ಆರಾಧಿಸುತ್ತಿದ್ದ ಯೆಹೂದ್ಯರು ಯೇಸುವನ್ನು ಕರ್ತನೆಂದು ಕರೆದು ಪ್ರಾರ್ಥಿಸತೊಡಗಿದರು. ಆ ಪ್ರಾರ್ಥನೆ ತಮ್ಮೊಳಗೆ ಹುಟ್ಟುವುದು ಪವಿತ್ರಾತ್ಮನಿಂದ ಎಂಬುದನ್ನು ಅನುಭವದಿಂದ ಕಂಡರು. ಆದರೂ ತಾವು ಒಬ್ಬನೇ ದೇವರನ್ನು ಬಿಟ್ಟು ಬೇರೆ ಕಡೆಗೆ ಹೋಗಿಲ್ಲವೆಂದು ಸಾಧಿಸಿ ಹೇಳಿದರು. ಪ್ರಾರ್ಥನೆ ಮೊದಲು ಬಂತು, ಅದನ್ನು ಸರಿಯಾಗಿ ಹೇಳುವ ಮಾತುಗಳು ಆಮೇಲೆ ಬಂದವು. ಆದ್ದರಿಂದ ಮನೆಪ್ರಾರ್ಥನೆ ನಡೆಸುವವರಿಗೆ, ಸಂಡೇ ಸ್ಕೂಲಿನಲ್ಲಿ ಕಲಿಸುವವರಿಗೆ ಮತ್ತು ದೀಕ್ಷಾಸ್ನಾನಕ್ಕೆ ಸಿದ್ಧರಾಗುತ್ತಿರುವವರಿಗೆ ಬರೆದ ಈ ಲೇಖನವೂ ಅದೇ ಕ್ರಮವನ್ನು ಹಿಡಿಯುತ್ತದೆ. ಒಂದೊಂದು ಹೆಜ್ಜೆಗೆ ಒಂದು ವಾರ ಕೊಟ್ಟರೂ ಹೆಚ್ಚಾಗುವುದಿಲ್ಲ. ಬೇಕಾಗುವುದು ಒಂದು ಬೈಬಲ್, ನಿಮ್ಮ ಸಭೆಯ ಆರಾಧನಾ ಪುಸ್ತಕ ಮತ್ತು ಸಂಜೆಯ ಸ್ವಲ್ಪ ಸಮಯ.

ಮೊದಲ ಹೆಜ್ಜೆ: ಹೆಸರನ್ನು ನಿಧಾನವಾಗಿ ಹೇಳುವುದು

ಪ್ರಾರ್ಥನೆಯ ಆರಂಭದ ಮಾತನ್ನು ನಾವು ಬಾಗಿಲು ದಾಟುವ ಅವಸರದಲ್ಲಿ ಹೇಳುತ್ತೇವೆ. ಅದನ್ನು ಮೊದಲು ನಿಧಾನಗೊಳಿಸಬೇಕು. ತಂದೆಯ ಹೆಸರನ್ನು ಹೇಳಿ ಒಂದು ಉಸಿರು ನಿಲ್ಲಿರಿ. ಮಗನ ಹೆಸರನ್ನು ಹೇಳಿ ಮತ್ತೆ ನಿಲ್ಲಿರಿ. ಪವಿತ್ರಾತ್ಮನ ಹೆಸರನ್ನು ಹೇಳಿ ನಿಲ್ಲಿರಿ. ಆಮೇಲೆ ಮತ್ತಾಯನ ಸುವಾರ್ತೆಯ 28ನೆಯ ಅಧ್ಯಾಯದ 19ನೆಯ ವಚನವನ್ನು ತೆರೆದು ನೋಡಿರಿ. ಪುನರುತ್ಥಾನವಾದ ಯೇಸು ತನ್ನ ಶಿಷ್ಯರಿಗೆ ತಂದೆಯ, ಮಗನ ಮತ್ತು ಪವಿತ್ರಾತ್ಮನ “ಹೆಸರಿನಲ್ಲಿ” ದೀಕ್ಷಾಸ್ನಾನ ಮಾಡಿಸಿರೆಂದು ಹೇಳುತ್ತಾನೆ, “ಹೆಸರುಗಳಲ್ಲಿ” ಎಂದಲ್ಲ. ಹೇಳಲಾದವರು ಮೂವರು, ಹೆಸರು ಒಂದೇ. ಈ ನಂಬಿಕೆಯ ತಿರುಳು ಇಷ್ಟರಲ್ಲಿಯೇ ಇದೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನವರು 1837ರಲ್ಲಿ ಧಾರವಾಡಕ್ಕೂ 1839ರಲ್ಲಿ ಹುಬ್ಬಳ್ಳಿಗೂ 1841ರಲ್ಲಿ ಬೆಟಗೇರಿಗೂ ಬಂದು ನೆಲೆಸಿದಾಗ ಇಲ್ಲಿಯ ಮೊದಲ ವಿಶ್ವಾಸಿಗಳು ದೀಕ್ಷೆ ಪಡೆದದ್ದು ಇದೇ ಹೆಸರಿನಲ್ಲಿ, ಕಥೋಲಿಕ ಧರ್ಮಕೇಂದ್ರಗಳಲ್ಲಿ ಇಂದು ದೀಕ್ಷೆ ಪಡೆಯುವ ಕೂಸಿಗೂ ಇದೇ ಹೆಸರು. ಸಂಪ್ರದಾಯಗಳು ಎಷ್ಟು ಬೇರೆಯಾಗಿದ್ದರೂ ಈ ನೀರು ಮತ್ತು ಈ ಹೆಸರು ಎಲ್ಲರದೂ ಒಂದೇ ಎಂಬುದನ್ನು ಮನೆಯ ಮಕ್ಕಳಿಗೆ ತಪ್ಪದೆ ಹೇಳಿರಿ. ಅವರವರ ದೀಕ್ಷಾಸ್ನಾನ ಆದದ್ದು ಯಾವ ದಿನ ಎಂಬುದನ್ನು ಸಭೆಯ ದಾಖಲೆಯಿಂದ ತಿಳಿದುಕೊಂಡು ಬೈಬಲಿನ ಮೊದಲ ಪುಟದಲ್ಲಿ ಬರೆದಿಡುವುದು ಒಳ್ಳೆಯ ಅಭ್ಯಾಸ.

ಎರಡನೆಯ ಹೆಜ್ಜೆ: ಓದಿನ ಕ್ರಮ

ತ್ರಿಯೇಕತ್ವ ಎಂಬ ಪದ ಬೈಬಲಿನಲ್ಲಿ ಎಲ್ಲಿಯೂ ಇಲ್ಲ. ಇದನ್ನು ಮುಚ್ಚಿಡುವ ಅಗತ್ಯವಿಲ್ಲ. ಆ ಪದ ಸೂಚಿಸುವ ಸಂಗತಿ ಅಲ್ಲಿ ತುಂಬಿದೆ. ಆದರೆ ಒಂದೊಂದು ವಚನವನ್ನು ಅಲ್ಲಲ್ಲಿಂದ ಕಿತ್ತು ತೋರಿಸಿದರೆ ಕೇಳುವವರಿಗೆ ಅದು ವಾದದಂತೆ ಕಾಣುತ್ತದೆ. ಕ್ರಮವಾಗಿ ಓದಿದರೆ ಕಥೆಯಂತೆ ತೆರೆದುಕೊಳ್ಳುತ್ತದೆ.

ಓದನ್ನು ಧರ್ಮೋಪದೇಶಕಾಂಡ 6:4ರಿಂದಲೇ ಆರಂಭಿಸಬೇಕು: ಇಸ್ರಾಯೇಲಿನ ದೇವರು ಒಬ್ಬನೇ. ಯೇಸು ಇದೇ ಮಾತನ್ನು ಎಲ್ಲಕ್ಕಿಂತ ಮೊದಲನೆಯ ಆಜ್ಞೆಯೆಂದು ಎತ್ತಿ ಹೇಳಿದ್ದಾನೆ (ಮಾರ್ಕ 12:29). ಈ ಬುನಾದಿ ಗಟ್ಟಿಯಾಗದೆ ಮುಂದೆ ಹೋದರೆ ಮೂರು ದೇವರುಗಳ ಕಡೆಗೆ ಜಾರುವುದು ಸುಲಭ. ಅನಂತರ ಲೂಕ 3:21-22ನ್ನು ಓದಿರಿ. ಯೊರ್ದನಿನಲ್ಲಿ ದೀಕ್ಷೆ ಪಡೆದ ಮಗನು ಪ್ರಾರ್ಥಿಸುತ್ತಿದ್ದಾನೆ, ಆತ್ಮನು ಪಾರಿವಾಳದ ರೂಪದಲ್ಲಿ ಅವನ ಮೇಲೆ ಇಳಿಯುತ್ತಾನೆ, ಮೇಲಿನಿಂದ ತಂದೆಯ ಧ್ವನಿ ಕೇಳಿಸುತ್ತದೆ. ಮೂವರೂ ಒಂದೇ ಗಳಿಗೆಯಲ್ಲಿ ಕಾಣಿಸಿಕೊಳ್ಳುವ ಈ ಭಾಗದಲ್ಲಿ ಯೇಸು ಪ್ರಾರ್ಥಿಸುತ್ತಿದ್ದನೆಂಬ ಸಂಗತಿಯನ್ನು ಹೇಳಿದವನು ಲೂಕನೊಬ್ಬನೇ.

ಇಲ್ಲಿಂದ ಯೋಹಾನನ ಸುವಾರ್ತೆಯ 14ರಿಂದ 17ನೆಯ ಅಧ್ಯಾಯಗಳಿಗೆ ಬನ್ನಿರಿ, ಇಲ್ಲಿ ಬಹಳ ಹೊತ್ತು ನಿಲ್ಲಿರಿ. ತನ್ನನ್ನು ನೋಡಿದವನು ತಂದೆಯನ್ನು ನೋಡಿದ್ದಾನೆ ಎಂದು ಯೇಸು ಫಿಲಿಪ್ಪನಿಗೆ ಹೇಳುತ್ತಾನೆ. ಆದರೂ ತಾನು ತಂದೆಯನ್ನು ಕೇಳಿಕೊಳ್ಳುವೆನು, ಆತನು ಬೇರೊಬ್ಬ ಸಹಾಯಕನನ್ನು ಕೊಡುವನು ಎಂದೂ ಹೇಳುತ್ತಾನೆ. ಒಬ್ಬನೇ ಮೂರು ವೇಷಗಳಲ್ಲಿ ಬಂದಿದ್ದರೆ ಕೇಳಿಕೊಳ್ಳುವವನು, ಕೊಡುವವನು, ಬರುವವನು ಎಂಬ ಮಾತುಗಳಿಗೆ ಅರ್ಥವೇ ಉಳಿಯುವುದಿಲ್ಲ. 17ನೆಯ ಅಧ್ಯಾಯ ಪೂರ್ತಿಯಾಗಿ ಮಗನು ತಂದೆಯೊಡನೆ ಮಾಡುವ ಪ್ರಾರ್ಥನೆ. ಲೋಕ ಉಂಟಾಗುವ ಮೊದಲೇ ತಂದೆ ತನ್ನನ್ನು ಪ್ರೀತಿಸಿದ್ದಾನೆಂದು ಯೇಸು ಅಲ್ಲಿ ಹೇಳುತ್ತಾನೆ. ಪ್ರೀತಿಸಲು ದೇವರಿಗೆ ಸೃಷ್ಟಿ ಬೇಕಾಗಿರಲಿಲ್ಲ, ದೇವರ ಒಳಬಾಳಿನಲ್ಲಿಯೇ ಪ್ರೀತಿ ಅನಾದಿಯಿಂದ ಇತ್ತು ಎಂಬ ಅರಿವು ಈ ಒಂದು ವಚನದಿಂದ ಬರುತ್ತದೆ. ಕೊನೆಗೆ ರೋಮಾಪುರದವರಿಗೆ ಬರೆದ ಪತ್ರದ 8ನೆಯ ಅಧ್ಯಾಯವನ್ನು ಓದಿರಿ. ಮುಂದಿನ ಹೆಜ್ಜೆ ನಿಂತಿರುವುದು ಅದರ ಮೇಲೆಯೇ.

ಮೂರನೆಯ ಹೆಜ್ಜೆ: ಪ್ರಾರ್ಥನೆ ಹೋಗುವ ದಿಕ್ಕನ್ನು ಗಮನಿಸುವುದು

ಮುಂದಿನ ಭಾನುವಾರ ಆರಾಧನೆಗೋ ಬಲಿಪೂಜೆಗೋ ಹೋದಾಗ ಒಂದು ಕೆಲಸ ಮಾಡಿರಿ. ಗುರುಗಳು ಅಥವಾ ಸಭಾಪಾಲಕರು ಹೇಳುವ ಪ್ರತಿಯೊಂದು ಪ್ರಾರ್ಥನೆ ಯಾರನ್ನು ಕರೆದು ಆರಂಭವಾಗುತ್ತದೆ, ಯಾವ ಮಾತಿನಿಂದ ಮುಗಿಯುತ್ತದೆ ಎಂಬುದನ್ನು ಕಿವಿಗೊಟ್ಟು ಕೇಳಿರಿ. ಬಹುತೇಕ ಪ್ರಾರ್ಥನೆಗಳು ತಂದೆಯನ್ನು ಕರೆಯುತ್ತವೆ, ಮಗನಾದ ಯೇಸು ಕ್ರಿಸ್ತನ ಮೂಲಕ ಬೇಡುತ್ತವೆ, ಪವಿತ್ರಾತ್ಮನ ಐಕ್ಯದಲ್ಲಿ ಮುಗಿಯುತ್ತವೆ. ತಂದೆಗೆ, ಮಗನ ಮೂಲಕ, ಪವಿತ್ರಾತ್ಮನಲ್ಲಿ: ಇದು ಸಭೆಯ ಪ್ರಾರ್ಥನೆಯ ಹಳೆಯ ಹಾದಿ. ಎಫೆಸದವರಿಗೆ ಬರೆದ ಪತ್ರದ 2:18ರಲ್ಲಿ ಈ ಮೂರೂ ಒಂದೇ ವಾಕ್ಯದಲ್ಲಿ ಸಿಗುತ್ತವೆ. ಉತ್ತರ ಆಫ್ರಿಕಾದ ಹಿಪ್ಪೋದಲ್ಲಿ 393ರಲ್ಲಿ ಸೇರಿದ ಬಿಷಪರ ಸಭೆಯು, ಬಲಿಪೀಠದ ಮುಂದೆ ಮಾಡುವ ಪ್ರಾರ್ಥನೆಯನ್ನು ಯಾವಾಗಲೂ ತಂದೆಯನ್ನು ಉದ್ದೇಶಿಸಿಯೇ ಮಾಡಬೇಕೆಂದು ಗೊತ್ತುಮಾಡಿತು.

ಇದು ಬರಿಯ ಶಿಸ್ತಿನ ಮಾತಲ್ಲ. ನಾವು ಪ್ರಾರ್ಥಿಸುವಾಗ ದೂರದಲ್ಲಿರುವ ದೇವರನ್ನು ನಮ್ಮ ಕೂಗಿನಿಂದ ಮುಟ್ಟಲು ಯತ್ನಿಸುತ್ತಿದ್ದೇವೆಂದು ನಮಗೆ ಅನ್ನಿಸುತ್ತದೆ. ರೋಮಾಪುರ 8ನೆಯ ಅಧ್ಯಾಯ ಬೇರೆಯದನ್ನೇ ಹೇಳುತ್ತದೆ. ನಾವು “ಅಪ್ಪಾ, ತಂದೆಯೇ” ಎಂದು ಕೂಗುವುದು ನಮ್ಮೊಳಗಿರುವ ಆತ್ಮನಿಂದ, ಏನು ಬೇಡಬೇಕೆಂದು ತಿಳಿಯದಿರುವಾಗ ಮಾತಿಗೆ ನಿಲುಕದ ನರಳಾಟದಿಂದ ನಮಗಾಗಿ ಬೇಡಿಕೊಳ್ಳುವವನೂ ಆತನೇ, ದೇವರ ಬಲಗಡೆಯಲ್ಲಿದ್ದು ನಮಗಾಗಿ ಬಿನ್ನವಿಸುವವನು ಮಗನು, ಕೇಳುವವನು ತಂದೆ. ಹಾಗಾದರೆ ದೇವರ ಒಳಗೆ ಮೊದಲೇ ನಡೆದಿರುವ ಒಂದು ಮಾತುಕತೆಯೊಳಕ್ಕೆ ನಮ್ಮನ್ನು ಸೇರಿಸಿಕೊಳ್ಳುವುದೇ ಪ್ರಾರ್ಥನೆ. ತ್ರಿಯೇಕತ್ವವನ್ನು ಮನೆಯಲ್ಲಿ ಕಲಿಸಲು ಒಂದೇ ಒಂದು ವಾಕ್ಯ ಆರಿಸಿಕೊಳ್ಳಬೇಕೆಂದರೆ ನಾನು ಇದನ್ನೇ ಆರಿಸುತ್ತೇನೆ. ಆಸ್ಪತ್ರೆಯಲ್ಲಿ ಮಲಗಿ ಪ್ರಾರ್ಥಿಸಲು ಬಾಯಿ ಬಾರದವರಿಗೆ, ಮಗನನ್ನು ಕಳೆದುಕೊಂಡು ಮಾತೇ ನಿಂತುಹೋದ ತಾಯಿಗೆ ಈ ತಿಳಿವಳಿಕೆಯಷ್ಟು ಆಸರೆಯಾಗುವ ಉಪದೇಶ ಬೇರೊಂದಿಲ್ಲ. ಅಂಥವರ ಬಳಿ ಹೋದಾಗ ಉದ್ದ ಪ್ರಾರ್ಥನೆ ಮಾಡದೆ, ಆತ್ಮನು ನಿಮ್ಮೊಳಗೆ ಪ್ರಾರ್ಥಿಸುತ್ತಿದ್ದಾನೆ ಎಂದು ಮೆಲ್ಲಗೆ ಹೇಳಿ, ಕರ್ತನ ಪ್ರಾರ್ಥನೆಯನ್ನು ಅವರ ಪರವಾಗಿ ಹೇಳಿ ಬನ್ನಿರಿ.

ಮನೆಯಲ್ಲಿ ಇದನ್ನು ರೂಢಿಸಿಕೊಳ್ಳಲು ಸಂಜೆ ದೀಪ ಹಚ್ಚುವ ಹೊತ್ತು ತಕ್ಕದ್ದು. ಸಂಜೆಯ ದೀಪ ಹಚ್ಚುವಾಗ ತಂದೆ, ಮಗ, ಪವಿತ್ರಾತ್ಮರನ್ನು ಸ್ತುತಿಸುವ ಗ್ರೀಕ್ ಸ್ತೋತ್ರವೊಂದು ಆದಿ ಸಭೆಯಲ್ಲಿತ್ತು. ನಾಲ್ಕನೆಯ ಶತಮಾನದ ಸಂತ ಬಾಸಿಲನ ಕಾಲಕ್ಕೇ ಅದು ಬಹು ಹಳೆಯದೆನ್ನಿಸಿಕೊಂಡಿತ್ತು. ಮನೆಯ ಪ್ರಾರ್ಥನೆಯನ್ನು ಮೂರು ಉಸಿರಿನಲ್ಲಿ ಕಟ್ಟಿಕೊಳ್ಳಿರಿ. ಮೊದಲು ಆತ್ಮನನ್ನು ಬೇಡಿರಿ: ಪವಿತ್ರಾತ್ಮನೇ, ನಮಗೆ ಪ್ರಾರ್ಥಿಸಲು ಕಲಿಸು. ಆಮೇಲೆ ಸುವಾರ್ತೆಯಿಂದ ಮಗನ ಒಂದು ಮಾತನ್ನೋ ಕೆಲಸವನ್ನೋ ಓದಿರಿ. ಕೊನೆಗೆ ಆ ಮಗನೊಂದಿಗೆ ನಿಂತು ತಂದೆಯನ್ನು ಕರೆದು ಆ ದಿನದ ಅಗತ್ಯಗಳನ್ನು ಹೇಳಿರಿ: ಮಳೆ, ಸಾಲ, ಪರೀಕ್ಷೆ, ಜ್ವರ, ನೆರೆಮನೆಯವರ ಕಷ್ಟ. ತಂದೆಗೂ ಮಗನಿಗೂ ಪವಿತ್ರಾತ್ಮನಿಗೂ ಮಹಿಮೆ ಎಂಬ ಸ್ತುತಿಯಿಂದ ಮುಗಿಸಿರಿ.

ಹಾಗಾದರೆ ಯೇಸುವನ್ನೋ ಪವಿತ್ರಾತ್ಮನನ್ನೋ ನೇರವಾಗಿ ಕರೆದು ಪ್ರಾರ್ಥಿಸಬಾರದೇ? ಪ್ರಾರ್ಥಿಸಬಹುದು. ಸ್ತೆಫನನು ಸಾಯುವಾಗ ಕರ್ತನಾದ ಯೇಸುವನ್ನೇ ಕರೆದನು (ಅಪೊಸ್ತಲರ ಕೃತ್ಯಗಳು 7:59). ಪವಿತ್ರಾತ್ಮನೇ ಬಾ ಎಂದು ಬೇಡುವ ಹಾಡುಗಳು ಸಭೆಯಲ್ಲಿ ಸಾವಿರ ವರ್ಷಕ್ಕೂ ಹಿಂದಿನಿಂದ ಇವೆ. ಮೂವರಲ್ಲಿ ಯಾರನ್ನು ಕರೆದರೂ ಕರೆದದ್ದು ಒಬ್ಬನೇ ದೇವರನ್ನು. ನಮ್ಮ ವಾಡಿಕೆಯ ಪ್ರಾರ್ಥನೆಯಲ್ಲಿ ಒಬ್ಬರು ಪೂರ್ತಿ ಮರೆತುಹೋಗಬಾರದು, ಅಷ್ಟೇ. ಹೆಚ್ಚಾಗಿ ಮರೆತುಹೋಗುವವನು ತಂದೆಯೋ ಆತ್ಮನೋ ಎಂಬುದು ಸಭೆಯಿಂದ ಸಭೆಗೆ ಬೇರೆಯಾಗಿರುತ್ತದೆ.

ನಾಲ್ಕನೆಯ ಹೆಜ್ಜೆ: ನಾಲಿಗೆಯ ಜಾರುವಿಕೆಯನ್ನು ತಿದ್ದಿಕೊಳ್ಳುವುದು

ಪ್ರಾರ್ಥನಾ ಕೂಟಗಳಲ್ಲಿ ಭಕ್ತಿಯ ಭರದಲ್ಲಿ “ತಂದೆಯೇ, ನೀನು ನಮಗಾಗಿ ಶಿಲುಬೆಯ ಮೇಲೆ ಪ್ರಾಣ ಕೊಟ್ಟದ್ದಕ್ಕಾಗಿ ಸ್ತೋತ್ರ” ಎಂಬ ಮಾತು ಕೇಳಿಬರುತ್ತದೆ. ಶಿಲುಬೆಯ ಮೇಲೆ ಪ್ರಾಣ ಕೊಟ್ಟವನು ಮಗನು. ತಂದೆ ಮಗನನ್ನು ಕೊಟ್ಟವನು. ಮೂರನೆಯ ಶತಮಾನದ ಆರಂಭದಲ್ಲಿ ಕಾರ್ತೇಜಿನ ಕ್ರೈಸ್ತ ಲೇಖಕ ತೆರ್ತುಲ್ಲಿಯನ್ ಇದೇ ಗೊಂದಲವನ್ನು ಕಲಿಸುತ್ತಿದ್ದವನ ವಿರುದ್ಧ ಬರೆಯುತ್ತ, ಅವನು ತಂದೆಯನ್ನೇ ಶಿಲುಬೆಗೇರಿಸಿಬಿಟ್ಟನೆಂದು ಖಂಡಿಸಿದನು. ಪ್ರಾರ್ಥಿಸುತ್ತಿರುವವರನ್ನು ನಡುವೆ ತಡೆದು ತಿದ್ದುವುದು ಸರಿಯಲ್ಲ. ನೀವು ಪ್ರಾರ್ಥಿಸುವ ಸರದಿ ಬಂದಾಗ “ತಂದೆಯೇ, ನಿನ್ನ ಮಗನನ್ನು ನಮಗಾಗಿ ಕೊಟ್ಟದ್ದಕ್ಕಾಗಿ ಸ್ತೋತ್ರ” ಎಂದು ಸ್ಪಷ್ಟವಾಗಿ ಹೇಳಿದರೆ ಸಾಕು. ಕೂಟವು ಕೇಳಿ ಕಲಿಯುತ್ತದೆ. ಪವಿತ್ರಾತ್ಮನನ್ನು “ಅದು”, “ಆ ಶಕ್ತಿ” ಎಂದು ಕರೆಯುವುದನ್ನೂ ಬಿಡಬೇಕು. ಆತನು ಕಲಿಸುತ್ತಾನೆ, ದುಃಖಪಡುತ್ತಾನೆ, ಕಳುಹಿಸುತ್ತಾನೆ. ಇವು ಶಕ್ತಿಯೊಂದು ಮಾಡುವ ಕೆಲಸಗಳಲ್ಲ.

ಐದನೆಯ ಹೆಜ್ಜೆ: ವಿಶ್ವಾಸ ಪ್ರಮಾಣವನ್ನು ಅದರ ಕಥೆಯೊಂದಿಗೆ ಹೇಳುವುದು

ಇಷ್ಟಾದ ಮೇಲೆ ನೈಸಿಯದ ವಿಶ್ವಾಸ ಪ್ರಮಾಣವನ್ನು, ಅಂದರೆ ಸಭೆ ತನ್ನ ನಂಬಿಕೆಯನ್ನು ಸಾರಿ ಹೇಳುವ ಮಾತುಗಳನ್ನು, ತೆಗೆದುಕೊಳ್ಳಿರಿ. ಅಲೆಕ್ಸಾಂದ್ರಿಯದ ಅರಿಯಸ್ ಎಂಬ ಗುರು, ಮಗನು ಸೃಷ್ಟಿಗಳಲ್ಲೆಲ್ಲ ಶ್ರೇಷ್ಠನಾದರೂ ಸೃಷ್ಟಿಯೇ, ಅವನು ಇಲ್ಲದಿದ್ದ ಒಂದು ಸ್ಥಿತಿ ಇತ್ತು ಎಂದು ಕಲಿಸಿದನು. ಚಕ್ರವರ್ತಿ ಕಾನ್‌ಸ್ಟಂಟೈನ್ 325ರಲ್ಲಿ ನೈಸಿಯದಲ್ಲಿ ಕರೆಸಿದ ಬಿಷಪರ ಮಹಾಸಭೆ ಇದನ್ನು ತಳ್ಳಿಹಾಕಿ, ಮಗನು ದೇವರಿಂದ ಬಂದ ದೇವರು, ಬೆಳಕಿನಿಂದ ಬಂದ ಬೆಳಕು, ನಿರ್ಮಿತನಲ್ಲದೆ ಜನಿತನಾದವನು, ತಂದೆಯೊಂದಿಗೆ ಏಕಸತ್ವವುಳ್ಳವನು ಎಂದು ಸಾರಿತು. ಮುಂದೆ ಅಲೆಕ್ಸಾಂದ್ರಿಯದ ಬಿಷಪ ಅಥನೇಸಿಯಸ್ ಈ ಮಾತನ್ನು ದಶಕಗಳ ಕಾಲ, ಹಲವು ಬಾರಿ ಗಡೀಪಾರಾಗಿಯೂ ಎತ್ತಿಹಿಡಿದನು. ಅವನ ವಾದದ ಒಂದು ಎಳೆ ಪ್ರಾರ್ಥನೆಯದೇ ಆಗಿತ್ತು: ಮಗನು ಸೃಷ್ಟಿಯಾಗಿದ್ದರೆ ಅವನನ್ನು ಆರಾಧಿಸುವ ಕ್ರೈಸ್ತರು ಸೃಷ್ಟಿಯನ್ನು ಆರಾಧಿಸಿದಂತಾಗುತ್ತದೆ, ಮತ್ತು ಸೃಷ್ಟಿಯೊಂದು ನಮ್ಮನ್ನು ದೇವರೊಂದಿಗೆ ಕೂಡಿಸಲಾರದು.

ಪವಿತ್ರಾತ್ಮನ ವಿಷಯದಲ್ಲಿ ಬಂದ ಬಿಕ್ಕಟ್ಟು ಆರಾಧನೆಯ ಒಂದು ಸ್ತುತಿಯಿಂದಲೇ ಎದ್ದಿತು. ಕೈಸರೈಯದ ಬಿಷಪನಾಗಿದ್ದ ಬಾಸಿಲನು, ಮಗನ ಮೂಲಕ ಆತ್ಮನಲ್ಲಿ ತಂದೆಗೆ ಮಹಿಮೆ ಎಂಬ ರೂಢಿಯ ಮಾತಿನ ಜೊತೆಗೆ, ಮಗನೊಂದಿಗೂ ಪವಿತ್ರಾತ್ಮನೊಂದಿಗೂ ತಂದೆಗೆ ಮಹಿಮೆ ಎಂದೂ ಹೇಳುತ್ತಿದ್ದನು. ಕೆಲವರು ಇದಕ್ಕೆ ಆಕ್ಷೇಪವೆತ್ತಿದರು. ದೀಕ್ಷಾಸ್ನಾನದಲ್ಲಿ ತಂದೆ ಮತ್ತು ಮಗನ ಜೊತೆಗೆ ಆತ್ಮನ ಹೆಸರನ್ನೂ ಹೇಳುತ್ತೇವೆ; ದೀಕ್ಷೆ ಪಡೆದಂತೆ ನಂಬಬೇಕು, ನಂಬಿದಂತೆ ಸ್ತುತಿಸಬೇಕು ಎಂಬುದು ಅವನ ಉತ್ತರದ ಸಾರ. ಅವನು ತೀರಿಕೊಂಡ ಕೆಲವೇ ವರ್ಷಗಳಲ್ಲಿ, 381ರ ಕಾನ್‌ಸ್ಟಾಂಟಿನೋಪಲಿನ ಮಹಾಸಭೆಯ ವಿಶ್ವಾಸ ಪ್ರಮಾಣದಲ್ಲಿ, ತಂದೆಯೊಂದಿಗೂ ಮಗನೊಂದಿಗೂ ಆರಾಧನೆ ಮತ್ತು ಮಹಿಮೆಯನ್ನು ಹೊಂದುವ ಪವಿತ್ರಾತ್ಮನು ಎಂಬ ಮಾತು ಬಂತು. ಭಾನುವಾರ ನಾವು ನಿಂತು ಹೇಳುವುದು ಈ ಎರಡು ಮಹಾಸಭೆಗಳಿಂದ ಬಂದ ಮಾತುಗಳನ್ನು. ಪವಿತ್ರಾತ್ಮನು ತಂದೆಯಿಂದ ಹೊರಡುವನು ಎಂಬಲ್ಲಿ “ಮಗನಿಂದಲೂ” ಎಂಬುದನ್ನು ಪಶ್ಚಿಮದ ಸಭೆಗಳು ಆಮೇಲೆ ಸೇರಿಸಿಕೊಂಡವು, ಪೂರ್ವದ ಆರ್ಥೊಡಾಕ್ಸ್ ಸಭೆಗಳು ಒಪ್ಪಲಿಲ್ಲ. ಮನೆಯ ಪಾಠಕ್ಕೆ ಇಷ್ಟು ತಿಳಿದರೆ ಸಾಕು.

ವಾರಕ್ಕೊಂದು ಸಂಜೆ ಪ್ರಮಾಣದ ಒಂದು ಭಾಗವನ್ನು ಮಾತ್ರ ಓದಿ, ಈ ಮಾತು ಇಲ್ಲದಿದ್ದರೆ ನಮ್ಮ ಪ್ರಾರ್ಥನೆಯಲ್ಲಿ ಏನು ಕಡಿಮೆಯಾಗುತ್ತಿತ್ತು ಎಂದು ಮನೆಯವರನ್ನೆಲ್ಲ ಕೇಳಿರಿ. ಮಕ್ಕಳ ಉತ್ತರಗಳಿಗೆ ಅವಸರ ಮಾಡಬೇಡಿರಿ.

ಆರನೆಯ ಹೆಜ್ಜೆ: ಹೋಲಿಕೆಗಳಿಗೆ ಎಚ್ಚರ, ನೆರೆಯವರಿಗೆ ಉತ್ತರ

ಸಂಡೇ ಸ್ಕೂಲುಗಳಲ್ಲಿ ನೀರು, ಮಂಜುಗಡ್ಡೆ, ಆವಿ ಎಂಬ ಹೋಲಿಕೆ ಬಹಳ ಬಳಕೆಯಲ್ಲಿದೆ. ಇದನ್ನು ಕೈಬಿಡಬೇಕೆಂದು ನಾನು ಒತ್ತಿ ಹೇಳುತ್ತೇನೆ. ಅದೇ ನೀರು ಒಂದು ಹೊತ್ತು ಮಂಜುಗಡ್ಡೆ, ಇನ್ನೊಂದು ಹೊತ್ತು ಆವಿ. ಹೀಗೆ ಒಬ್ಬನೇ ದೇವರು ಸರದಿಯಂತೆ ಮೂರು ರೂಪ ತಾಳುತ್ತಾನೆಂಬುದು ಮೂರನೆಯ ಶತಮಾನದಲ್ಲಿಯೇ ಸಭೆ ತಳ್ಳಿಹಾಕಿದ ಸಬೆಲ್ಲಿಯಸನ ಬೋಧನೆ. ಯೊರ್ದನಿನ ದೃಶ್ಯ ಅದಕ್ಕೆ ಹೊಂದುವುದಿಲ್ಲ. ಹೋಲಿಕೆಯ ಬದಲು ಮಕ್ಕಳಿಗೆ ಆ ದೃಶ್ಯವನ್ನೇ ಅಭಿನಯಿಸಿ ತೋರಿಸಲು ಹೇಳಿರಿ. ದೇವರಲ್ಲಿ ಮೂವರು ಎಂದಾಗ ಮೂವರು ಏನು ಎಂಬ ಪ್ರಶ್ನೆಗೆ ಮನುಷ್ಯರ ಮಾತು ಬಡವಾಗುತ್ತದೆಂದೂ, ಸುಮ್ಮನಿರಬಾರದೆಂದು ಮಾತ್ರ “ಮೂವರು ವ್ಯಕ್ತಿಗಳು” ಎನ್ನುತ್ತೇವೆಂದೂ ತ್ರಿಯೇಕತ್ವದ ಬಗ್ಗೆ ದೊಡ್ಡ ಗ್ರಂಥ ಬರೆದ ಹಿಪ್ಪೋದ ಬಿಷಪ ಅಗಸ್ಟೀನನೇ ಒಪ್ಪಿಕೊಂಡಿದ್ದಾನೆ.

ನಮ್ಮ ಊರುಗಳಲ್ಲಿ ಪ್ರಶ್ನೆಗಳು ಮೂರು ಕಡೆಯಿಂದ ಬರುತ್ತವೆ. ಗದಗಿನ ತ್ರಿಕೂಟೇಶ್ವರ ದೇವಾಲಯದಲ್ಲಿ ಬ್ರಹ್ಮ, ವಿಷ್ಣು, ಮಹೇಶ್ವರರನ್ನು ಸೂಚಿಸುವ ಮೂರು ಲಿಂಗಗಳು ಒಂದೇ ಪೀಠದ ಮೇಲಿವೆ. ಅದನ್ನು ನೋಡಿ ಬೆಳೆದವರು ಸಹಜವಾಗಿಯೇ ಇದೂ ತ್ರಿಮೂರ್ತಿಯಂತೆಯೇ ಎಂದು ಕೇಳುತ್ತಾರೆ. ತ್ರಿಮೂರ್ತಿ ಕಲ್ಪನೆಯಲ್ಲಿ ಸೃಷ್ಟಿ, ಸ್ಥಿತಿ, ಲಯಗಳು ಮೂವರಿಗೆ ಹಂಚಿಕೆಯಾಗಿವೆ. ಕ್ರೈಸ್ತ ನಂಬಿಕೆಯಲ್ಲಿ ಲೋಕದ ಕಡೆಗಿನ ದೇವರ ಕೆಲಸ ಹಂಚಿಕೆಯಾಗುವುದಿಲ್ಲ. ತಂದೆ ಮಗನ ಮೂಲಕ ಆತ್ಮನಲ್ಲಿ ಸೃಷ್ಟಿಸುತ್ತಾನೆ, ಹಾಗೆಯೇ ರಕ್ಷಿಸುತ್ತಾನೆ. ಮೂವರನ್ನು ಬೇರೆ ಬೇರೆಯಾಗಿ ಗುರುತಿಸುವುದು ಅವರವರ ಸಂಬಂಧ: ತಂದೆ ಯಾರಿಂದಲೂ ಹುಟ್ಟಿದವನಲ್ಲ, ಮಗನು ತಂದೆಯಿಂದ ಅನಾದಿಯಾಗಿ ಜನಿಸಿದವನು, ಆತ್ಮನು ಹೊರಡುವವನು. “ದೇವನೊಬ್ಬ ನಾಮ ಹಲವು” ಎಂಬ ಮಾತನ್ನು ಪ್ರೀತಿಯಿಂದ ಎದುರಿಡುವವರಿಗೆ, ದೇವರು ಒಬ್ಬನೇ ಎಂಬುದು ನಮ್ಮದೂ ನಂಬಿಕೆ, ಆದರೆ ತಂದೆ, ಮಗ, ಆತ್ಮ ಎಂಬುವು ಒಬ್ಬನಿಗೇ ಇಟ್ಟ ಮೂರು ಹೆಸರುಗಳಲ್ಲ, ತಂದೆ ಮಗನನ್ನು ನಿಜವಾಗಿಯೂ ಪ್ರೀತಿಸುತ್ತಾನೆ ಎಂದು ಹೇಳಬಹುದು. ದೇವರಿಗೆ ಮಗನಿರಲು ಹೇಗೆ ಸಾಧ್ಯ ಎಂದು ಕೇಳುವ ಮುಸ್ಲಿಂ ಗೆಳೆಯರಿಗೆ ಮೊದಲು ಹೇಳಬೇಕಾದದ್ದು, ಇಲ್ಲಿ ಶರೀರದ ಜನನದ ಮಾತೇ ಇಲ್ಲ ಎಂಬುದು. ಯಾರ ಮುಂದೆಯೂ ಗೆಲ್ಲುವ ವಾದ ಬೇಡ. ಅವರ ನಂಬಿಕೆಯನ್ನು ಅವರ ಬಾಯಿಂದಲೇ ಕೇಳಿ ತಿಳಿದುಕೊಂಡು, ನಾವು ಪ್ರಾರ್ಥಿಸುವ ರೀತಿಯನ್ನು ವಿವರಿಸಿದರೆ ಮಾತು ತಾನಾಗಿಯೇ ಮುಂದುವರಿಯುತ್ತದೆ.

ತ್ರಿಯೇಕ ದೇವರ ಭಾನುವಾರ

ಪಂಚಾಶತ್ತಮ (ಪೆಂಟೆಕೋಸ್ಟ್) ಹಬ್ಬದ ಮರುಭಾನುವಾರ, ಅಂದರೆ ಈಸ್ಟರ್ ಆಗಿ ಎಂಟು ವಾರಕ್ಕೆ ಈ ಹಬ್ಬ ಬರುತ್ತದೆ. ಪಶ್ಚಿಮದ ಸಭೆಯೆಲ್ಲ ಇದನ್ನು ಆಚರಿಸಬೇಕೆಂದು 1334ರಲ್ಲಿ ಪೋಪ್ 22ನೆಯ ಯೋಹಾನರು ಗೊತ್ತುಮಾಡಿದರು. ಮೇ ನಡುವಿನಿಂದ ಜೂನ್ ಮೂರನೆಯ ವಾರದೊಳಗೆ ಬರುವುದರಿಂದ ಹಾವೇರಿ, ಗದಗ ಕಡೆಯ ಹಳ್ಳಿಗಳಲ್ಲಿ ಅದು ಮುಂಗಾರಿನ ಬಿತ್ತನೆಗೆ ಕಾಯುವ ಅಥವಾ ಬಿತ್ತುವ ಕಾಲ. ಆ ವಾರ ಮನೆಗಳಲ್ಲಿ ಮೇಲಿನ ಓದುಗಳನ್ನು ದಿನಕ್ಕೊಂದರಂತೆ ಹಂಚಿಕೊಳ್ಳಬಹುದು. ಭಾನುವಾರದ ಆರಾಧನೆಯಲ್ಲಿ ದೀಕ್ಷೆಯ ವಾಗ್ದಾನವನ್ನು ಎಲ್ಲರೂ ಮತ್ತೆ ಹೇಳುವಂತೆ ಸಭಾಪಾಲಕರನ್ನೋ ಗುರುಗಳನ್ನೋ ಮೊದಲೇ ಕೇಳಿಕೊಳ್ಳಿರಿ. ಪರಸ್ಪರ ಬೇಡಿಕೆಯ ಪ್ರಾರ್ಥನೆಯಲ್ಲಿ ಮಳೆಬೆಳೆಗಾಗಿ ಬೇಡುವಾಗಲೂ ಅದೇ ಹಾದಿಯನ್ನು ಹಿಡಿಯಿರಿ, ತಂದೆಗೆ, ಮಗನ ಮೂಲಕ, ಪವಿತ್ರಾತ್ಮನಲ್ಲಿ. ಆ ದಿನ ಸಂಡೇ ಸ್ಕೂಲಿಗೆ ಬರುವ ಮಕ್ಕಳಿಗೆ ಬೇರೆ ಪಾಠ ಬೇಡ; ಶಿಲುಬೆಯ ಗುರುತನ್ನು ಅಥವಾ ಆಶೀರ್ವಾದದ ಮಾತನ್ನು ನಿಧಾನವಾಗಿ, ಒಂದೊಂದು ಹೆಸರಿಗೂ ನಿಂತು ಹೇಳಲು ಕಲಿಸಿ, ಅವರು ಕೇಳುವ ಪ್ರಶ್ನೆಗಳನ್ನು ಬರೆದುಕೊಂಡು ಮುಂದಿನ ವಾರಗಳ ಪಾಠವನ್ನು ಅವುಗಳಿಂದಲೇ ಸಿದ್ಧಪಡಿಸಿರಿ.